ಸಿಂಹವನ್ನು ಕೊಂದದ್ದು ವೈರಸ್ ಒಂದೇ ಅಲ್ಲ

1994ರ ಆರಂಭ. ಟಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲಿನ ಮೇಲೆ ಬಿಸಿಗಾಳಿ ಬಲೂನಿನಲ್ಲಿ ತೇಲುತ್ತಿದ್ದ ಪ್ರವಾಸಿಗರಿಗೆ ಕೆಳಗೆ ಒಂದು ಗಂಡುಸಿಂಹ ಕಾಣಿಸಿತು. ನೆಲಕ್ಕೆ ಬಿದ್ದ ಅದರ ಮೈಯೆಲ್ಲ ಸೆಟೆದು ಅದುರುತ್ತಿತ್ತು. ಮುಂದಿನ ದಿನಗಳಲ್ಲಿ ಅಂಥವೇ ಇನ್ನಷ್ಟು ಸಿಂಹಗಳು ಕಂಡವು. ಕೆಲವಕ್ಕೆ ಮುಖ, ಕಾಲಿನ ಸ್ನಾಯುಗಳು ತಮ್ಮಷ್ಟಕ್ಕೆ ತಾವೇ ಎಳೆದುಕೊಳ್ಳುತ್ತಿದ್ದವು. ಸತ್ತವನ್ನು ಕೊಯ್ದು ನೋಡಿದಾಗ ಮಿದುಳಿನಲ್ಲಿ ಉರಿಯೂತ, ಶ್ವಾಸಕೋಶದಲ್ಲಿ ನ್ಯುಮೋನಿಯಾ. ಆ ವರ್ಷ ಸೆರೆಂಗೆಟಿಯ ಸಿಂಹಗಳಲ್ಲಿ ಮೂರನೇ ಒಂದು ಪಾಲು, ಅಂದರೆ ಸುಮಾರು ಸಾವಿರ ಸಿಂಹಗಳು, ಇಲ್ಲವಾದವು. ರೋಗ ಗಡಿ ದಾಟಿ ಕೀನ್ಯಾದ ಮಸಾಯಿ ಮಾರಾಕ್ಕೂ ಹೋಯಿತು. ಚಿರತೆ, ಕತ್ತೆಕಿರುಬ, ಬಾವಲಿಕಿವಿಯ ನರಿಗಳೂ ಸತ್ತವು; ಅವನ್ನು ಎಣಿಸಿದವರಿಲ್ಲ.

ಕಾರಣ ಕೆನೈನ್ ಡಿಸ್ಟೆಂಪರ್ ವೈರಸ್, ಪಶುವೈದ್ಯರ ಬಾಯಲ್ಲಿ ಸಿಡಿವಿ. ನಾಯಿ ಸಾಕಿದವರಿಗೆ ಇದರ ಹೆಸರು ಹೊಸದಲ್ಲ. ಮರಿಗೆ ಹಾಕಿಸುವ ‘ಸೆವೆನ್ ಇನ್ ಒನ್’ ಚುಚ್ಚುಮದ್ದಿನಲ್ಲಿ ಇದರ ಲಸಿಕೆಯೂ ಸೇರಿರುತ್ತದೆ. ಇದು ನಾಯಿ, ನರಿ, ತೋಳಗಳ ಕಾಯಿಲೆ, ಬೆಕ್ಕಿನ ಕುಲಕ್ಕೆ ಇದರ ಭಯವಿಲ್ಲ ಎಂದೇ ಬಹುಕಾಲ ನಂಬಲಾಗಿತ್ತು. 1990ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ಸಾಕಿದ್ದ ಹುಲಿ, ಸಿಂಹ, ಚಿರತೆಗಳು ಇದೇ ರೋಗದಿಂದ ಸತ್ತಾಗ ಆ ನಂಬಿಕೆ ಅಲುಗಾಡಿತು. ಸೆರೆಂಗೆಟಿಯಲ್ಲಿ ಪೂರಾ ಮುರಿದುಬಿತ್ತು. ಸಿಂಹಗಳಲ್ಲಿ ಸಿಕ್ಕ ವೈರಸ್ಸಿಗೂ ಉದ್ಯಾನದ ಸುತ್ತಲಿನ ಹಳ್ಳಿನಾಯಿಗಳ ವೈರಸ್ಸಿಗೂ ತೀರಾ ಹತ್ತಿರದ ನಂಟು ಕಂಡಿತು.

ಮನುಷ್ಯರ ದಡಾರ, ದನಗಳ ದೊಡ್ಡರೋಗ, ಇವೆರಡರ ವೈರಸ್ಸುಗಳೂ ಸಿಡಿವಿಯ ದಾಯಾದಿಗಳೇ. ಮೂರರ ಕೆಲಸದ ರೀತಿಯೂ ಒಂದೇ. ರೋಗಿಯ ಸೀನು, ಸಿಂಬಳ, ಜೊಲ್ಲಿನ ಹನಿಯಲ್ಲಿ ಹೊರಬಂದ ಸಿಡಿವಿ ಇನ್ನೊಂದು ಪ್ರಾಣಿಯ ಮೂಗು, ಗಂಟಲು ಸೇರಿದ ಕೂಡಲೇ ಹುಡುಕುವುದು ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳನ್ನು. ಆ ಕಣಗಳ ಮೇಲ್ಮೈಯಲ್ಲಿರುವ ಒಂದು ಪ್ರೋಟೀನು ಅದಕ್ಕೆ ಕೊಂಡಿಯಾಗುತ್ತದೆ. ಕಳ್ಳ ಮೊದಲು ಬಾಗಿಲ ಕಾವಲುಗಾರನನ್ನೇ ಕೆಡವಿದ ಹಾಗೆ! ಅಲ್ಲಿಂದ ಶ್ವಾಸಕೋಶಕ್ಕೆ, ಕರುಳಿಗೆ, ಕೊನೆಗೆ ಮಿದುಳಿಗೆ. ಮೈಹೊರಗೆ ಮಾತ್ರ ಇದು ಬಲು ದುರ್ಬಲ. ಬಿಸಿಲಿಗೆ, ಸೋಪಿನ ನೀರಿಗೆ ಉಳಿಯುವುದಿಲ್ಲ. ಹಾಗಾಗಿ ಹರಡಬೇಕಾದರೆ ಪ್ರಾಣಿಗಳು ಒಂದಕ್ಕೊಂದು ಹತ್ತಿರ ಬರಬೇಕು. ಒಂದೇ ಬೇಟೆಗೆ ಮೂತಿ ತಾಗಿಸಿ ಉಣ್ಣುವ, ಒಂದನ್ನೊಂದು ನೆಕ್ಕುವ ಸಿಂಹಗಳ ಗುಂಪಿಗಿಂತ ಒಳ್ಳೆಯ ಜಾಗ ಅದಕ್ಕೆ ಬೇಕೇ?

ಆದರೆ ಇಲ್ಲೊಂದು ಗಂಟು ಇತ್ತು. 1994ರ ಆಗಸ್ಟ್ ಹೊತ್ತಿಗೆ ಸೆರೆಂಗೆಟಿಯ ಸಿಂಹಗಳಲ್ಲಿ ಶೇ 85ರಷ್ಟು ಪ್ರಾಣಿಗಳ ರಕ್ತದಲ್ಲಿ ಸಿಡಿವಿ ವಿರುದ್ಧದ ಪ್ರತಿಕಾಯಗಳಿದ್ದವು. ಅಂದರೆ ಸೋಂಕು ತಗುಲಿದವುಗಳಲ್ಲಿ ಹೆಚ್ಚಿನವು ಬದುಕಿಕೊಂಡಿದ್ದವು! ಹಾಗಿದ್ದರೆ ಸತ್ತವು ಯಾಕೆ ಸತ್ತವು?

ಉತ್ತರ ಸಿಕ್ಕಿದ್ದು ಫ್ರೀಜರಿನಲ್ಲಿ. ಸೆರೆಂಗೆಟಿಯ ಸಿಂಹಗಳನ್ನು 1960ರ ದಶಕದಿಂದಲೂ ಒಂದೊಂದಾಗಿ ಗುರುತಿಟ್ಟು ಅಧ್ಯಯನ ಮಾಡಲಾಗಿದೆ. ಮೊದಲು ಜಾರ್ಜ್ ಶಾಲರ್, ಆಮೇಲೆ ದಶಕಗಳ ಕಾಲ ಕ್ರೇಗ್ ಪ್ಯಾಕರ್ ಮತ್ತು ಸಂಗಡಿಗರು. ಅರಿವಳಿಕೆ ಕೊಟ್ಟು ಹಿಡಿದ ಸಿಂಹಗಳ ರಕ್ತವನ್ನು ಅವರು ಕಾಪಿಟ್ಟಿದ್ದರು. ಆ ಹಳೆಯ ರಕ್ತವನ್ನು ತೆಗೆದು ನೋಡಿದರೆ, ಸಿಡಿವಿ ಕನಿಷ್ಠ ಐದು ಬಾರಿ ಸದ್ದಿಲ್ಲದೆ ಬಂದುಹೋಗಿತ್ತು. ಆಗೆಲ್ಲ ಸಾವು ಹೆಚ್ಚಿರಲಿಲ್ಲ. ಸಿಂಹಗಳು ಸಾಲುಸಾಲಾಗಿ ಸತ್ತದ್ದು ಎರಡು ಸಲ ಮಾತ್ರ: 1994ರಲ್ಲಿ ಸೆರೆಂಗೆಟಿಯಲ್ಲಿ, 2001ರಲ್ಲಿ ಪಕ್ಕದ ಗೊರೊಂಗೊರೊ ಕುಳಿಯಲ್ಲಿ. ಎರಡರ ಹಿಂದೆಯೂ ಭೀಕರ ಬರ ಇತ್ತು.

ಬರಕ್ಕೂ ವೈರಸ್ಸಿಗೂ ಏನು ಸಂಬಂಧ? ಮೇವಿಲ್ಲದೆ ಕಾಡೆಮ್ಮೆಗಳು ಬಡಕಲಾದವು. ಅವುಗಳ ಮೈತುಂಬ ಉಣುಗು. ಕೈಗೆ ಸುಲಭವಾಗಿ ಸಿಕ್ಕ ಅವನ್ನು ಸಿಂಹಗಳು ಹೊಟ್ಟೆತುಂಬ ತಿಂದವು, ಉಣುಗುಗಳು ಸಿಂಹಗಳ ಮೈಗೆ ಹತ್ತಿದವು. ಉಣುಗಿನ ಜತೆ ಬಂದದ್ದು ಬೆಬೀಸಿಯ, ಕೆಂಪು ರಕ್ತಕಣದೊಳಗೆ ಬೆಳೆಯುವ ಒಂದು ಪರೋಪಜೀವಿ. ಮಾಮೂಲಿ ದಿನಗಳಲ್ಲಿ ಸಿಂಹದ ರಕ್ತದಲ್ಲಿ ಅದು ಅಲ್ಪಸ್ವಲ್ಪ ಇದ್ದೇ ಇರುತ್ತದೆ, ತೊಂದರೆ ಕೊಡುವುದಿಲ್ಲ. ಬರದ ವರ್ಷ ಅದರ ಪ್ರಮಾಣ ಏರಿತ್ತು. ಅದೇ ಹೊತ್ತಿಗೆ ಸಿಡಿವಿ ಬಂದು ನಿರೋಧಕ ಶಕ್ತಿಯನ್ನು ಕುಗ್ಗಿಸಿತು. ತಡೆಯುವವರಿಲ್ಲದೆ ಬೆಬೀಸಿಯ ಮಿತಿಮೀರಿ ಹೆಚ್ಚಿತು. ಬೆಬೀಸಿಯ ಕಡಿಮೆಯಿದ್ದ ಗುಂಪುಗಳಿಗೂ ಸಿಡಿವಿ ತಗುಲಿತ್ತು, ಅವುಗಳಲ್ಲಿ ಸಾವು ಕಡಿಮೆ. ಲಿಂಡಾ ಮನ್ಸನ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಇದನ್ನು ಪ್ರಕಟಿಸಿದರು. ನನ್ನ ಮಟ್ಟಿಗೆ ವನ್ಯಜೀವಿ ರೋಗಗಳ ಬಗ್ಗೆ ಈಚಿನ ದಶಕಗಳಲ್ಲಿ ತಿಳಿದುಬಂದ ಅತಿ ಮುಖ್ಯ ಸಂಗತಿಗಳಲ್ಲಿ ಇದೂ ಒಂದು.

ಹಾಗಾದರೆ ನಾಯಿಗಳಿಗೆ ಲಸಿಕೆ ಹಾಕಿದರೆ ಸಾಕಲ್ಲವೇ? ಸೆರೆಂಗೆಟಿಯ ಸುತ್ತಲಿನ ಹಳ್ಳಿಗಳಲ್ಲಿ ಅದನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿದರು. ನಾಯಿಗಳಲ್ಲಿ ರೋಗ ಇಳಿಯಿತು, ಜತೆಗೇ ಹಾಕಿದ ರೇಬೀಸ್ ಲಸಿಕೆಯಿಂದ ಜನರಿಗೂ ಒಳ್ಳೆಯದಾಯಿತು. ಆದರೆ ಸಿಂಹಗಳಿಗೆ ಸಿಡಿವಿ ತಗುಲುವುದು ನಿಲ್ಲಲಿಲ್ಲ. ಕಾಡಿನ ಇತರ ಮಾಂಸಾಹಾರಿಗಳಲ್ಲೂ ವೈರಸ್ ಸುತ್ತುತ್ತಿದೆ ಎಂಬುದು 2015ರ ವಿಶ್ಲೇಷಣೆಯಲ್ಲಿ ಹೊಳೆಯಿತು. ರಷ್ಯದ ದೂರ ಪೂರ್ವದ ಕಾಡುಗಳಲ್ಲೂ ಇದೇ ಕಥೆ. ಅಲ್ಲಿ 2003ರಲ್ಲಿ ಒಂದು ಹೆಣ್ಣುಹುಲಿ ಜನರ ಅಂಜಿಕೆಯೇ ಇಲ್ಲದೆ ಹಳ್ಳಿಯೊಳಕ್ಕೆ ನಡೆದುಬಂದಿತ್ತು. ಸಿಡಿವಿ ಅದರ ಮಿದುಳಿಗೆ ಏರಿತ್ತು. ಅಲ್ಲಿನ ಹುಲಿಗಳಿಗೆ ವೈರಸ್ ಮುಖ್ಯವಾಗಿ ಬರುವುದು ಸಣ್ಣ ಕಾಡುಪ್ರಾಣಿಗಳಿಂದ. ಆದ್ದರಿಂದ ಹುಲಿಗಳಿಗೇ ಲಸಿಕೆ ಕೊಡಬೇಕು, ವರ್ಷಕ್ಕೆ ಎರಡಕ್ಕೆ ಕೊಟ್ಟರೂ ಆ ಚಿಕ್ಕ ಸಂತತಿ ಅಳಿದುಹೋಗುವ ಅಪಾಯ ಗಣನೀಯವಾಗಿ ತಗ್ಗುತ್ತದೆ ಎಂದು 2020ರ ಅಧ್ಯಯನ ಲೆಕ್ಕ ಹಾಕಿ ತೋರಿಸಿತು.

ಸೆರೆಂಗೆಟಿಯ ಪಾಠ ತಿಳಿದಿದ್ದರೂ 2018ರ ಸೆಪ್ಟೆಂಬರಿನಲ್ಲಿ ಗುಜರಾತಿನ ಗಿರ್ ಕಾಡಿನಿಂದ ಸಿಂಹಗಳ ಸಾವಿನ ಸುದ್ದಿ ಬಂದಾಗ ಮೊದಲು ಕೇಳಿಬಂದ ಕಾರಣ ಸಿಂಹಗಳ ಒಳಜಗಳ. ಪೂರ್ವ ಗಿರ್‌ನ ದಲ್ಖಾನಿಯಾ ವಲಯವೊಂದರಲ್ಲೇ ಮೂರು ವಾರಗಳ ಆಸುಪಾಸಿನಲ್ಲಿ 23 ಸಿಂಹಗಳು ಸತ್ತವು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮಾದರಿಗಳಲ್ಲಿ ಸಿಡಿವಿ ಇರುವುದನ್ನು ಖಚಿತಪಡಿಸಿತು. ಜತೆಗೆ ಸಿಕ್ಕಿದ್ದು ಮತ್ತದೇ ಬೆಬೀಸಿಯ. ಸುತ್ತಲಿನ ಸಿಂಹಗಳನ್ನು ಹಿಡಿದು ಬೇರೆ ಇಟ್ಟರು, ಅಮೆರಿಕದಿಂದ 300 ಡೋಸ್ ಲಸಿಕೆ ತರಿಸಿದರು. ನಾಯಿಗೆ ಹಾಕುವ ಲಸಿಕೆಯನ್ನೇ ಸಿಂಹಕ್ಕೂ ಚುಚ್ಚುವಂತಿಲ್ಲ. ಅದರಲ್ಲಿ ಜೀವಂತ ವೈರಸ್ಸಿನ ಸೌಮ್ಯ ರೂಪವಿರುತ್ತದೆ, ಕೆಲವು ಕಾಡುಪ್ರಾಣಿಗಳಲ್ಲಿ ಅದೇ ರೋಗ ತಂದು ಕೊಂದದ್ದುಂಟು. ತರಿಸಿದ ಲಸಿಕೆಯಲ್ಲಿ ಸಿಡಿವಿಯ ಪ್ರೋಟೀನು ತಯಾರಿಸುವ ವಂಶವಾಹಿಗಳಷ್ಟೇ ಇರುತ್ತವೆ, ಇಡೀ ಸಿಡಿವಿ ಇರುವುದಿಲ್ಲ.

ನಮ್ಮ ಕಾಡಂಚಿನ ಊರುಗಳನ್ನು ನೋಡಿ. ಸರ್ಕಾರಿ ಶಿಬಿರದಲ್ಲಿ ನಾಯಿಗೆ ಸಿಗುವುದು ರೇಬೀಸ್ ಚುಚ್ಚುಮದ್ದು. ಡಿಸ್ಟೆಂಪರ್ ಲಸಿಕೆ ದುಡ್ಡು ಕೊಟ್ಟು ಹಾಕಿಸುವವರ ಮನೆನಾಯಿಗೆ ಮಾತ್ರ. ಸತ್ತ ದನವನ್ನು ಊರಾಚೆ ಎಸೆದರೆ ಹಗಲು ನಾಯಿಗಳು ಎಳೆದಾಡುತ್ತವೆ, ರಾತ್ರಿ ಚಿರತೆಯೋ ನರಿಯೋ ಬರುತ್ತದೆ. ಚಿರತೆಗಂತೂ ನಾಯಿಯೇ ಆಹಾರ. 2023ರಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಏಳು ಚಿರತೆಮರಿಗಳನ್ನು ಬಲಿ ತೆಗೆದುಕೊಂಡದ್ದು ಬೇರೊಂದು ವೈರಸ್, ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ. ಕಣ್ಗಾವಲಿನಲ್ಲಿದ್ದ ಮರಿಗಳಾದ್ದರಿಂದ ನಮಗೆ ಗೊತ್ತಾಯಿತು. ಬಂಡೀಪುರ, ನಾಗರಹೊಳೆಯ ಪೊದೆಯೊಳಗೆ ಸಾಯುವ ಕೆನ್ನಾಯಿಯ ಸಾವಿಗೆ ಸಾಕ್ಷಿಯೇ ಇರುವುದಿಲ್ಲ. ಉರುಳಿನಿಂದ ಬಿಡಿಸಿದ ಚಿರತೆಯಿರಲಿ, ಕಾಲರ್ ತೊಡಿಸಲು ಹಿಡಿದ ಹುಲಿಯಿರಲಿ, ಒಂದೊಂದರ ರಕ್ತವನ್ನೂ ತಪ್ಪದೆ ತೆಗೆದು ವರ್ಷಗಟ್ಟಲೆ ಕಾಪಿಡಬೇಕು. ಸೆರೆಂಗೆಟಿಯಲ್ಲಿ ಹಾಗೆ ಮಾಡದೇ ಇದ್ದಿದ್ದರೆ ಬರ, ಉಣುಗು, ವೈರಸ್‌ಗಳ ಕೂಟ ಯಾರಿಗೂ ಕಾಣುತ್ತಿರಲಿಲ್ಲ.

ಗಿರ್‌ನ ಕಷ್ಟ ಇನ್ನೂ ಆಳದ್ದು. ಸೆರೆಂಗೆಟಿಯ ಸಿಂಹಗಳು ಚೇತರಿಸಿಕೊಂಡವು; ಆಫ್ರಿಕಾದಲ್ಲಿ ಬೇರೆಡೆಯೂ ಸಿಂಹಗಳಿವೆ. ಏಷ್ಯಾದ ಸಿಂಹಕ್ಕೆ ಇರುವ ಕಾಡುನೆಲೆ ಸೌರಾಷ್ಟ್ರವೊಂದೇ. ಬೆರಳೆಣಿಕೆಯ ಪೂರ್ವಜರಿಂದ ಬೆಳೆದ ಸಂತತಿಯಾದ್ದರಿಂದ ವಂಶವಾಹಿ ವೈವಿಧ್ಯವೂ ಕಡಿಮೆ. 2015ರಲ್ಲಿ 523 ಇದ್ದವು 2025ರ ಗಣತಿಯಲ್ಲಿ 891 ಆಗಿವೆ, ಅರ್ಧಕ್ಕಿಂತ ಹೆಚ್ಚು ಮೂಲ ಗಿರ್ ಕಾಡಿನಾಚೆ ಹೊಲ, ತೋಟ, ಕರಾವಳಿಗಳಲ್ಲಿ ಹರಡಿಕೊಂಡಿವೆ. ಸಂಖ್ಯೆ ಏರಿದ್ದು ನಿಜಕ್ಕೂ ಸಂತೋಷದ ಮಾತು. ಆದರೆ ಅವೆಲ್ಲ ಒಂದೇ ಸೀಮೆಯ ಪ್ರಾಣಿಗಳು, ಒಂದೇ ಬರ ಎಲ್ಲವನ್ನೂ ತಟ್ಟುತ್ತದೆ. ಗಿರ್‌ನಿಂದ ಸುಮಾರು 100 ಕಿಲೋಮೀಟರ್ ದೂರದ ಬರ್ಡಾ ಅಭಯಾರಣ್ಯದಲ್ಲಿ ಅದೇ ಗಣತಿಯಲ್ಲಿ 17 ಸಿಂಹಗಳಿದ್ದವು. ಅದನ್ನು ಎರಡನೇ ಮನೆ ಎನ್ನುತ್ತಾರೆ. ರೋಗದ ದೃಷ್ಟಿಯಿಂದ ಅದು ಅದೇ ಮನೆಯ ಇನ್ನೊಂದು ಕೋಣೆ ಎಂದೇ ನಾನು ತಿಳಿಯುತ್ತೇನೆ. ಕೆಲವು ಸಿಂಹಗಳನ್ನು ಆರು ತಿಂಗಳೊಳಗೆ ಮಧ್ಯಪ್ರದೇಶದ ಕುನೋಗೆ ಸಾಗಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಏಪ್ರಿಲ್‌ನಲ್ಲಿ. 2022ರಲ್ಲಿ ಕುನೋಗೆ ನಮೀಬಿಯಾದಿಂದ ಚೀತಾಗಳು ಬಂದಿಳಿದವು. ಗಿರ್‌ನಿಂದ ಒಂದು ಸಿಂಹವೂ ಅಲ್ಲಿಗೆ ಹೋಗಿಲ್ಲ.