ಕುದುರೆಮುಖದ ಮೇಲೆ ಎಳೆದ ಗೆರೆಗಳು

ಕಳಸದಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದರೆ ಕುದುರೆಮುಖದ ಬೆಟ್ಟಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಂತಿರುವುದು ಕಾಣುತ್ತದೆ. ನೆತ್ತಿಯ ಮೇಲೆ ಹುಲ್ಲು, ಕಣಿವೆಗಳಲ್ಲಿ ದಟ್ಟ ಶೋಲಾ ಕಾಡು. ಇಲ್ಲಿ ಒಂದು ಬಗೆಯ ನೆಲ ಮುಗಿದು ಇನ್ನೊಂದು ಬಗೆಯ ನೆಲ ಆರಂಭವಾಯಿತೆಂದು ಹೇಳುವ ಗುರುತು ಬೆಟ್ಟದ ಮೇಲಿಲ್ಲ. ಅಂಥ ಗುರುತುಗಳಿರುವುದು ಸರ್ಕಾರದ ಕಡತಗಳಲ್ಲಿ. ಅಲ್ಲಿ ಇದೇ ಬೆಟ್ಟಗಳ ಮೇಲೆ ಬೇರೆ ಬೇರೆ ಕಾಲದಲ್ಲಿ ಎಳೆದ ಹಲವು ಗೆರೆಗಳಿವೆ. ಒಂದು ಗೆರೆಯ ಒಳಗೆ ಗಣಿ ತೆಗೆಯಲು ಅವಕಾಶವಿತ್ತು. ಇನ್ನೊಂದು ಗೆರೆಯ ಒಳಗೆ ದನ ಮೇಯಿಸಲೂ ಅವಕಾಶವಿಲ್ಲ. ಕಾಡಿನ ಭವಿಷ್ಯವನ್ನೂ ಅಲ್ಲಿನ ಜನರ ಬದುಕನ್ನೂ ನಿರ್ಧರಿಸಿದ್ದು ಈ ಗೆರೆಗಳೇ.

ಗುತ್ತಿಗೆಯ ಗೆರೆ

ಕುದುರೆಮುಖದ ಕಬ್ಬಿಣದ ಅದಿರನ್ನು ಭೂವಿಜ್ಞಾನಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗುರುತಿಸಿದ್ದರು. 1969ರಲ್ಲಿ 4,600 ಹೆಕ್ಟೇರಿಗೂ ಹೆಚ್ಚು ಪ್ರದೇಶವನ್ನು 30 ವರ್ಷಗಳ ಗಣಿ ಗುತ್ತಿಗೆಗೆ ಕೊಡಲಾಯಿತು. 1975ರಲ್ಲಿ ಅದಿರು ಕೊಳ್ಳಲು ಇರಾನ್ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಮುರಿದುಬಿದ್ದರೂ ಗಣಿ ನಿಲ್ಲಲಿಲ್ಲ. ಬೇರೆ ದೇಶಗಳ ಗ್ರಾಹಕರು ಸಿಕ್ಕರು.

ಇಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಅದನ್ನು ಪುಡಿ ಮಾಡಿ, ಕಬ್ಬಿಣವನ್ನು ಬೇರ್ಪಡಿಸಿ, ನೀರಿನೊಂದಿಗೆ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಹರಿಸಲಾಗುತ್ತಿತ್ತು. ಉಳಿದ ಮಣ್ಣು, ಕೆಸರನ್ನು ತಡೆದಿಡಲೆಂದೇ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು.

ಸಮಸ್ಯೆ ಹುಟ್ಟಿದ್ದು ಮಳೆಯಿಂದ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವುದು ಈ ಬೆಟ್ಟಸಾಲಿನ ಗಂಗಾಮೂಲದ ಆಸುಪಾಸಿನಲ್ಲಿ. ಹುಲ್ಲು ಮತ್ತು ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಹೊಳೆಗಳಿಗೆ ಬಿಡುತ್ತವೆ. ಅವನ್ನು ಕಿತ್ತು ನೆಲವನ್ನು ಬಯಲಾಗಿಸಿದರೆ ಮಲೆನಾಡಿನ ಮುಂಗಾರು ಆ ಮಣ್ಣನ್ನು ನೇರವಾಗಿ ಭದ್ರೆಗೆ ಸೇರಿಸುತ್ತದೆ. ಲಕ್ಕವಳ್ಳಿಯ ಬಳಿಯ ಭದ್ರಾ ಜಲಾಶಯವನ್ನು ನಂಬಿದ ಶಿವಮೊಗ್ಗ, ದಾವಣಗೆರೆ ಸೀಮೆಯ ರೈತರಿಗೂ ಬೆಟ್ಟದ ಮೇಲಿನ ಗಣಿ ದೂರದ ಸಂಗತಿಯಾಗಿ ಉಳಿಯಲಿಲ್ಲ.

ಉದ್ದೇಶದ ಗೆರೆ

ಕುದುರೆಮುಖದ ಕಾಡು ಸಿಂಗಳೀಕಗಳ ಮುಖ್ಯ ನೆಲೆ. ಪಶ್ಚಿಮ ಘಟ್ಟಗಳನ್ನು ಬಿಟ್ಟು ಜಗತ್ತಿನ ಬೇರೆ ಯಾವ ಕಾಡಿನಲ್ಲಿಯೂ ಈ ಕೋತಿ ಇಲ್ಲ. 1987ರಲ್ಲಿ ರಾಜ್ಯ ಸರ್ಕಾರ ಇಲ್ಲಿ ರಾಷ್ಟ್ರೀಯ ಉದ್ಯಾನ ರಚಿಸುವ ಉದ್ದೇಶವಿದೆಯೆಂದು ಅಧಿಸೂಚನೆ ಹೊರಡಿಸಿತು.

'ಉದ್ದೇಶ' ಎಂಬ ಮಾತನ್ನು ಗಮನಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಮೊದಲು ಸರ್ಕಾರ ಉದ್ದೇಶವನ್ನು ಪ್ರಕಟಿಸಬೇಕು. ನಂತರ ಕಂದಾಯ ಅಧಿಕಾರಿ ಆ ಗಡಿಯೊಳಗೆ ಯಾರಿಗೆ ಯಾವ ಹಕ್ಕಿದೆಯೆಂದು ವಿಚಾರಿಸಿ, ಪರಿಹಾರ ಕೊಟ್ಟು ಇತ್ಯರ್ಥ ಮಾಡಬೇಕು. ಆಮೇಲಷ್ಟೇ ಅಂತಿಮ ಘೋಷಣೆ. ಅಭಯಾರಣ್ಯದಲ್ಲಿ ಕೆಲವು ಹಕ್ಕುಗಳನ್ನು ಮುಂದುವರಿಸಲು ಅವಕಾಶವಿದೆ. ರಾಷ್ಟ್ರೀಯ ಉದ್ಯಾನದಲ್ಲಿ ಅದಿಲ್ಲ. ಅಲ್ಲಿ ಭೂಮಿಯ ಹಕ್ಕುಗಳು ಸರ್ಕಾರಕ್ಕೆ ಸೇರಬೇಕು, ದನಕರು ಮೇಯಿಸುವಂತಿಲ್ಲ.

ಉದ್ದೇಶದಿಂದ ಘೋಷಣೆಗೆ ಬರಲು ಕುದುರೆಮುಖ ತೆಗೆದುಕೊಂಡದ್ದು 14 ವರ್ಷ. ಅಂತಿಮ ಅಧಿಸೂಚನೆ ಹೊರಬಿದ್ದದ್ದು 2001ರ ಜೂನ್‌ನಲ್ಲಿ. ಈ ಅವಧಿಯಲ್ಲಿ ಗಣಿಯ ಯಂತ್ರಗಳು ಕೆಲಸ ಮಾಡುತ್ತಲೇ ಇದ್ದವು. ಗುತ್ತಿಗೆ 1999ರಲ್ಲಿ ಮುಗಿದ ಮೇಲೂ ತಾತ್ಕಾಲಿಕ ಅನುಮತಿಗಳ ಬಲದಿಂದ ಅದಿರು ಸಾಗಿತು.

ನ್ಯಾಯಾಲಯದ ಗೆರೆ

ಗಣಿಯನ್ನು ಮುಂದುವರಿಸಬಾರದೆಂದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ನಾಗರಹೊಳೆಯಲ್ಲಿ ವಲಯಾರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ. ನೂರಾರು ಕೋಟಿ ರೂಪಾಯಿ ಹೂಡಿಕೆಯ, ಸಾವಿರಾರು ಜನರ ಜೀವನಕ್ಕೆ ಆಧಾರವಾದ ಸಾರ್ವಜನಿಕ ಉದ್ಯಮ ಒಂದು ಕಡೆ, ಮತ್ತೆ ಹುಟ್ಟಿಸಲಾಗದ ಕಾಡು ಇನ್ನೊಂದು ಕಡೆ. 2002ರ ಅಕ್ಟೋಬರ್ 30ರಂದು ಬಂದ ತೀರ್ಪು ಕಾಡಿನ ಪರವಾಗಿತ್ತು. ಆದರೆ ಗಣಿ ಅಂದೇ ನಿಲ್ಲಲಿಲ್ಲ. ಈಗಾಗಲೇ ಅಗೆದಿರುವ ಜಾಗದಲ್ಲಿ ಸಿಗುವ ಅದಿರನ್ನು ಮಾತ್ರ ತೆಗೆದು, 2005ರ ಕೊನೆಯೊಳಗೆ ಎಲ್ಲವನ್ನೂ ಮುಗಿಸಬೇಕೆಂದು ನ್ಯಾಯಾಲಯ ಗಡುವು ಹಾಕಿತು. ಆ ವರ್ಷದ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಶಾಲೆ, ಆಸ್ಪತ್ರೆಗಳಿಂದ ತುಂಬಿದ್ದ ಕಂಪನಿಯ ಊರು ಕ್ರಮೇಣ ಬರಿದಾಯಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಅದರಲ್ಲಿತ್ತು.

ಗೆರೆಯೊಳಗಿನ ಮನೆಗಳು

ಗಣಿ ಹೋಯಿತೆಂದು ಕಥೆ ಮುಗಿಯುವುದಿಲ್ಲ. ಗೆರೆ ಎಳೆಯುವ ಮೊದಲಿನಿಂದಲೂ ಈ ಕಾಡಿನಲ್ಲಿ ಜನರಿದ್ದಾರೆ. ಪರಿಶಿಷ್ಟ ಪಂಗಡಕ್ಕೆ ಸೇರಿದ ಮಲೆಕುಡಿಯರಿದ್ದಾರೆ. ಗದ್ದೆ, ಅಡಿಕೆ ತೋಟ ಮಾಡಿಕೊಂಡ ಇತರ ಕುಟುಂಬಗಳಿವೆ. ಅವರ ಊರುಗಳು ಕಾಡಿನ ನಡುವೆ ದ್ವೀಪಗಳಂತಿವೆ. ಒಂದು ರಸ್ತೆ, ಒಂದು ಸೇತುವೆ, ಒಂದು ವಿದ್ಯುತ್ ಕಂಬ ಬೇಕೆಂದರೂ ಅದು ಉದ್ಯಾನದ ಭೂಮಿಯ ಮೇಲೆ ಹಾದುಬರಬೇಕು. ಅದಕ್ಕೆ ಅನುಮತಿ ಸುಲಭವಲ್ಲ. ಕಂಪನಿಯ ದೊಡ್ಡ ಯಂತ್ರವನ್ನು ತಡೆದ ಕಾನೂನೇ ಬಡವನ ಮನೆಯ ದೀಪವನ್ನೂ ತಡೆಯುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆ ಈ ಜನರಿಗೆ ಒಂದು ಆಸರೆ ಕೊಟ್ಟಿತು. ಅದರ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೂ ಅರಣ್ಯವಾಸಿಗಳ ಹಕ್ಕನ್ನು ಗುರುತಿಸಬೇಕು. ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಅವರನ್ನು ಬೇರೆಡೆಗೆ ಸಾಗಿಸುವಂತಿಲ್ಲ. ಸ್ವಯಂಪ್ರೇರಿತ ಪುನರ್ವಸತಿ ಯೋಜನೆಯಡಿ ಪರಿಹಾರ ಪಡೆದು ಹೊರಬಂದ ಕುಟುಂಬಗಳೂ ಇವೆ. ಮಕ್ಕಳ ಓದು, ಆಸ್ಪತ್ರೆ, ರಸ್ತೆಗಳಿಗಾಗಿ ಹೊರಡಲು ಸಿದ್ಧರಿರುವವರಿಗೆ ಪರಿಹಾರದ ಹಣ ಸಕಾಲಕ್ಕೆ ಬರುವುದೇ ದೊಡ್ಡ ಪ್ರಶ್ನೆ. ಹೊರಡಲು ಒಪ್ಪದವರಿಗೆ ಇರುವ ನೆಲದಲ್ಲಿ ನೆಮ್ಮದಿಯಿಂದ ಬಾಳುವುದೇ ಪ್ರಶ್ನೆ.

ಕಾಡನ್ನು ಉಳಿಸಲು ಗೆರೆ ಬೇಕೇ ಬೇಕು. ಅದಿಲ್ಲದಿದ್ದರೆ ಕುದುರೆಮುಖದ ಶೋಲಾ ಕಾಡಿನ ಇನ್ನಷ್ಟು ಭಾಗ ಅದಿರಿನ ಜೊತೆಗೇ ಹೋಗುತ್ತಿತ್ತು. ಆದರೆ ಹಕ್ಕುಗಳ ಇತ್ಯರ್ಥವೆಂಬ ನಡುವಿನ ಹಂತವನ್ನು ವರ್ಷಗಟ್ಟಲೆ ಎಳೆದರೆ, ಅದರ ಲಾಭ ಸಿಗುವುದು ಕಾಯುವ ಶಕ್ತಿಯಿರುವವರಿಗೆ. ಗುತ್ತಿಗೆ ಮುಗಿದ ಕಂಪನಿಗೆ ಕೆಲಸ ಮುಗಿಸಿಕೊಳ್ಳಲು ಆರು ವರ್ಷ ಸಿಕ್ಕಿತು. 1987ರ ಆ ಮೊದಲ ಅಧಿಸೂಚನೆಯ ದಿನ ಶಾಲೆಗೆ ಹೋಗುತ್ತಿದ್ದ ಮಗು ಇಂದು ನಡುವಯಸ್ಸು ದಾಟುತ್ತಿದೆ. ಗೆರೆಯೊಳಗೆ ಉಳಿದ ಮನೆಗಳಲ್ಲಿ, ಇರುವುದೋ ಹೊರಡುವುದೋ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಇದೆ.