ಬಿಸಿಲು ಕೆಡಿಸಿದ ಚರ್ಮಕ್ಕೆ ಬೆಳಕೇ ಮದ್ದು! ಆದರೆ ಯಾರಿಗೆ?

ಚಿಕ್ಕಬಾಣಾವರದಲ್ಲಿ ನೀರಿಗೆ ಬರ ಬರಬಹುದು, ಬಿಸಿಲಿಗೆ ಬರವಿಲ್ಲ. ಹೆಸರಘಟ್ಟ ರಸ್ತೆಯಲ್ಲಿ ಬಸ್ಸಿಗೆ ಕಾಯುವವರು, ರೈಲು ನಿಲ್ದಾಣದಲ್ಲಿ ನೆರಳು ಹುಡುಕುವವರು, ತಳ್ಳುಗಾಡಿಯವರು, ಪೀಣ್ಯದ ಶೆಡ್ಡುಗಳಿಗೆ ಬೈಕು ಓಡಿಸುವವರು, ಎಲ್ಲರ ತಲೆಯ ಮೇಲೂ ಸುಡುವುದು ಒಂದೇ ಸೂರ್ಯ. ಆದರೆ ಎಲ್ಲರ ಚರ್ಮವೂ ಒಂದೇ ಅಲ್ಲ. ಇವತ್ತಿನ ವಿಚಾರ ಅದೇ.

"ಬೆಂಗಳೂರು ತಂಪು ಊರು ಸ್ವಾಮಿ, ನಮ್ಮ ಬಿಸಿಲೇನು ರಾಯಚೂರಿನ ಬಿಸಿಲೇ?" ಅಂತೀರಾ? ಅಲ್ಲೇ ಇರೋದು ಮೋಸ. ಚರ್ಮವನ್ನು ಕೆಡಿಸುವುದು ಬಿಸಿಲಿನ ಕಾವಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ಗಾಳಿ ತಣ್ಣಗಿದ್ದರೂ ಅದು ಬೀಳುತ್ತಲೇ ಇರುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೇರಿದರೆ ಈ ಕಿರಣ ಸುಮಾರು ನೂರಕ್ಕೆ ಹತ್ತರಷ್ಟು ಜಾಸ್ತಿಯಾಗುತ್ತದೆ. ನಮ್ಮ ಊರು 900 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಅತಿನೇರಳೆ ಸೂಚ್ಯಂಕ 11 ದಾಟುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದೇ ಕೊನೆಯ ಮೆಟ್ಟಿಲು, ಅದರಾಚೆ ಮೆಟ್ಟಿಲೇ ಇಲ್ಲ!

ಮೈಬಣ್ಣವೇ ಕೊಡೆ

ಹಾಗಾದರೆ ನಾವೆಲ್ಲ ಹೇಗೆ ಬಚಾವಾಗಿದ್ದೇವೆ? ನಮ್ಮ ಕಪ್ಪು, ಎಣ್ಣೆಗೆಂಪು, ಗೋಧಿ ಬಣ್ಣವೇ ನಮ್ಮನ್ನು ಕಾಯುತ್ತಿದೆ. ಚರ್ಮದೊಳಗಿನ ಮೆಲನಿನ್ ಎಂಬ ಬಣ್ಣ ಈ ಕಿರಣವನ್ನು ಹೀರಿಕೊಂಡು ಒಳಗಿನ ಕಣಗಳಿಗೆ ಕೊಡೆ ಹಿಡಿಯುತ್ತದೆ. ಹೆಣ್ಣು ನೋಡಲು ಹೋದಾಗ ಮೂಗು ಮುರಿಯುವ ಬಣ್ಣ ಇದೇ, ನೆನಪಿರಲಿ!

ಈ ಕೊಡೆ ಇಲ್ಲದ ಬಿಳಿಯರ ನಾಡಿನ ಕಥೆಯೇ ಬೇರೆ. ಆಸ್ಟ್ರೇಲಿಯಾದಂಥ ದೇಶದಲ್ಲಿ ವಯಸ್ಸಾದವರ ಬೋಳುತಲೆ, ಹಣೆ, ಕಿವಿ, ಮುಂಗೈ ಮೇಲೆ ಉಪ್ಪುಕಾಗದದಂತೆ ಒರಟಾದ ಸಣ್ಣ ಕಲೆಗಳು ಏಳುತ್ತವೆ. ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತವೆ. ವೈದ್ಯರು ಇಟ್ಟ ಹೆಸರು ಆಕ್ಟಿನಿಕ್ ಕೆರಟೋಸಿಸ್. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿನ ಹೊಸ್ತಿಲು. ಹಾಗಂತ ಎಲ್ಲವೂ ಹೊಸ್ತಿಲು ದಾಟುವುದಿಲ್ಲ. ಅಮೆರಿಕದ ಮಾಜಿ ಸೈನಿಕರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಂಥ ನೂರು ಕಲೆಗಳಲ್ಲಿ ಒಂದು ವರ್ಷದೊಳಗೆ ಕ್ಯಾನ್ಸರ್ ಆಗುವುದು ಒಂದಕ್ಕಿಂತ ಕಡಿಮೆ, ನಾಲ್ಕು ವರ್ಷದಲ್ಲಿ ಎರಡೋ ಮೂರೋ. ಆದರೆ ಯಾವುದು ದಾಟುತ್ತದೆ ಅಂತ ನೋಡಿ ಹೇಳಲಾಗದು. ಅದಕ್ಕೇ ಚಿಕಿತ್ಸೆ.

ಮುಲಾಮು ಹಚ್ಚು, ದೀಪ ಹಾಕು

ಈ ಕಲೆಗಳಿಗೆ ಬೆಳಕಿನ ಚಿಕಿತ್ಸೆ ಬಂದಿದೆ. ಬಿಸಿಲು ಮಾಡಿದ ಪಾಪವನ್ನು ಬೆಳಕೇ ತೊಳೆಯುತ್ತದೆ ಅಂದರೆ ನಗಬೇಡಿ. ಔಷಧಿ ಹಚ್ಚಿ ಬಿಸಿಲಿಗೆ ಕೂರಿಸುವುದು ನಮಗೆ ಹೊಸದಲ್ಲ. ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಎಳೆಬಿಸಿಲಿಗೆ ಮೈಯೊಡ್ಡುವ ಪದ್ಧತಿ ಹಿಂದಿನಿಂದ ಇದೆ. ಅಲ್ಲಿ ಬಣ್ಣ ತರಿಸಲು ಬೆಳಕು, ಇಲ್ಲಿ ಕೆಟ್ಟ ಕಣ ಕೊಲ್ಲಲು ಬೆಳಕು.

ಇದರ ಗುಟ್ಟು ಸಿಕ್ಕಿದ್ದು ಜರ್ಮನಿಯ ಮ್ಯೂನಿಕ್ಕಿನಲ್ಲಿ. ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ನೀರಿನ ಸೂಕ್ಷ್ಮಜೀವಿಗಳ ಮೇಲೆ ಒಂದು ಬಣ್ಣವನ್ನು ಪರೀಕ್ಷಿಸುತ್ತಿದ್ದ. ಬೆಳಕಿದ್ದಾಗ ಜೀವಿಗಳು ಬೇಗ ಸಾಯುತ್ತಿದ್ದವು, ಕತ್ತಲಲ್ಲಿ ಬದುಕುತ್ತಿದ್ದವು. 1900ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಬಣ್ಣ ಒಂದೇ ಕೊಲ್ಲದು, ಬೆಳಕು ಒಂದೇ ಕೊಲ್ಲದು, ಎರಡೂ ಸೇರಿದರೆ ಕೊಲ್ಲುತ್ತದೆ!

ಇವತ್ತಿನ ಚಿಕಿತ್ಸೆಯೂ ಅಷ್ಟೇ. ಒರಟು ಕಲೆಯ ಮೇಲೆ ಒಂದು ಔಷಧಿ ಹಚ್ಚುತ್ತಾರೆ. ಕೆಟ್ಟ ಕಣಗಳು ಅದನ್ನು ಆಸೆಯಿಂದ ನುಂಗಿ, ಬೆಳಕಿಗೆ ಕೆರಳುವ ಒಂದು ವಸ್ತುವನ್ನು ತಮ್ಮೊಳಗೇ ತಯಾರಿಸುತ್ತವೆ. ಕೆಲವು ಗಂಟೆ ಬಿಟ್ಟು ಕೆಂಪು ಅಥವಾ ನೀಲಿ ದೀಪ ಬಿಡುತ್ತಾರೆ. ಆ ವಸ್ತು ಬೆಳಕು ಕುಡಿದು, ಪಕ್ಕದಲ್ಲಿರುವ ಆಮ್ಲಜನಕವನ್ನು ಕೆರಳಿಸುತ್ತದೆ. ಕೆರಳಿದ ಆಮ್ಲಜನಕ ಕೆಟ್ಟ ಕಣವನ್ನು ಒಳಗಿಂದಲೇ ಸುಡುತ್ತದೆ. ಒಳ್ಳೆಯ ಕಣಗಳಿಗೆ ಪೆಟ್ಟು ಕಡಿಮೆ. 1999ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟ ನೀಲಿ ದೀಪದ ಕ್ರಮದಲ್ಲಿ ದೀಪದ ಕೆಳಗೆ ಕೂರಬೇಕಾದ್ದು 16 ನಿಮಿಷ 40 ಸೆಕೆಂಡು, ಲೆಕ್ಕ ಪಕ್ಕಾ. ಔಷಧಿ ಹಚ್ಚಿ ಹಗಲು ಬೆಳಕಿನಲ್ಲಿ ಎರಡು ಗಂಟೆ ಕೂರಿಸುವ ಪದ್ಧತಿಯೂ ಈಗ ಇದೆ.

ಸುಖದ ಮಾತಲ್ಲ. ಹಸಿಮೆಣಸಿನಕಾಯಿ ಉಜ್ಜಿದ ಹಾಗೆ ಉರಿಯುತ್ತದೆ. ಆಮೇಲೆ ಎರಡು ದಿನ ಬಿಸಿಲಿಗೆ ಮುಖ ತೋರಿಸಬಾರದು. ಕೆಂಪಾಗಿ, ಹಕ್ಕಳೆ ಕಟ್ಟಿ, ಉದುರಿ ವಾಸಿಯಾಗುತ್ತದೆ. ಸಾಮಾನ್ಯವಾಗಿ ಗಾಯದ ಗುರುತು ಉಳಿಯದು. ಆದರೆ ನಮ್ಮಂಥ ಬಣ್ಣದವರಿಗೆ ಆ ಜಾಗ ಕಪ್ಪಾಗಿ ಕೆಲವು ತಿಂಗಳು ನಿಲ್ಲಬಹುದು.

ದುಬಾರಿ ದೀಪ, ಅಗ್ಗದ ಮುಲಾಮು

ಹಾಗಾದರೆ ದೀಪದ ಮುಂದೆ ಉಳಿದದ್ದೆಲ್ಲ ದಂಡವೇ? ಇಲ್ಲ. ವ್ಯಾಪಾರಸ್ಥರು ಈ ಲೆಕ್ಕ ಗಮನಿಸಬೇಕು. ನೆದರ್ಲೆಂಡ್ಸ್ ದೇಶದಲ್ಲಿ 624 ರೋಗಿಗಳನ್ನು ನಾಲ್ಕು ಗುಂಪು ಮಾಡಿ ನಾಲ್ಕು ಚಿಕಿತ್ಸೆ ಕೊಟ್ಟು ನೋಡಿದರು. ಫಲ ಪ್ರಕಟವಾದದ್ದು 2019ರಲ್ಲಿ. ಒಂದು ವರ್ಷದ ನಂತರ ಮುಕ್ಕಾಲು ಪಾಲಿಗಿಂತ ಹೆಚ್ಚು ಕಲೆ ಹೋಗಿದ್ದವರು, ಬೆಳಕಿನ ಗುಂಪಿನಲ್ಲಿ ನೂರಕ್ಕೆ ಸುಮಾರು 38 ಮಂದಿ. ಫ್ಲೋರೋಯುರಾಸಿಲ್ ಎಂಬ, ಅರ್ಧ ಶತಮಾನ ಹಳೆಯ ಮುಲಾಮನ್ನು ನಾಲ್ಕು ವಾರ ಹಚ್ಚಿದವರಲ್ಲಿ ನೂರಕ್ಕೆ ಸುಮಾರು 75! ಹಳೇ ಮುಲಾಮು ಹೊಸ ದೀಪವನ್ನು ಸೋಲಿಸಿತು. ಒಂದೆರಡು ಕಲೆಯಾದರೆ ದ್ರವ ಸಾರಜನಕ ಸೋಕಿಸಿ ಹೆಪ್ಪುಗಟ್ಟಿಸಿ ಉದುರಿಸುವುದೂ ಉಂಟು. ಯಾರಿಗೆ ಯಾವುದು ಅಂತ ಹೇಳಬೇಕಾದವರು ಚರ್ಮರೋಗ ತಜ್ಞರು, ಗೋಡೆ ಮೇಲಿನ 'ಲೇಸರ್, ಲೈಟ್' ಬೋರ್ಡು ಅಲ್ಲ. ಮುಲಾಮನ್ನೂ ಚೀಟಿಯಿಲ್ಲದೆ ತಂದು ಹಚ್ಚಿಕೊಂಡೀರಿ ಜೋಕೆ. ಗರ್ಭಿಣಿಯರಂತೂ ಮುಟ್ಟಲೇಬಾರದು.

ನಮ್ಮ ಊರಿನಲ್ಲಿ ಇದು ಯಾರಿಗೆ ಬೇಕು?

ಬಹಳ ಜನಕ್ಕೆ ಬೇಡ. ಆದರೆ ಕೆಲವರಿಗೆ ಇದು ಪ್ರಾಣದ ಪ್ರಶ್ನೆ.

ಹುಟ್ಟಿನಿಂದಲೇ ಮೈ, ಕೂದಲು, ರೆಪ್ಪೆ ಎಲ್ಲ ಬೆಳ್ಳಗಿರುವ ಮಕ್ಕಳನ್ನು ಕಂಡಿದ್ದೀರಿ. ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ ನಡೆಯುತ್ತವೆ. ಬೀದಿಯಲ್ಲಿ 'ದೊರೆ' ಅಂತ ರೇಗಿಸುತ್ತೇವೆ. ಈ ಮಕ್ಕಳಿಗೆ ಮೆಲನಿನ್ ಕೊಡೆಯೇ ಇಲ್ಲ, ಅಥವಾ ಹರಿದ ಕೊಡೆ. ಇದು ಶಾಪವಲ್ಲ, ಅಂಟುರೋಗವಲ್ಲ. ತಂದೆ ತಾಯಿ ಇಬ್ಬರಿಂದಲೂ ಬರುವ ಹುಟ್ಟುದೋಷ. ಸೋದರಮಾವ, ಅತ್ತೆ ಮಗಳು ಅಂತ ಹತ್ತಿರದ ಸಂಬಂಧದಲ್ಲೇ ಮದುವೆಯಾದರೆ ಇದರ ಸಂಭವ ಹೆಚ್ಚು. ಈ ಮಕ್ಕಳಿಗೆ ಹರೆಯದಲ್ಲೇ ಒರಟು ಕಲೆ ಏಳಬಹುದು, ಕ್ಯಾನ್ಸರಿಗೂ ತಿರುಗಬಹುದು. ವಿಶ್ವಸಂಸ್ಥೆ ಜೂನ್ 13ನ್ನು ಇವರ ದಿನವಾಗಿ ಸಾರಿದೆ. ಕಣ್ಣು ಮಂದವಿದ್ದವರು 2016ರ ಅಂಗವಿಕಲರ ಹಕ್ಕು ಕಾಯ್ದೆಯ ಮಂದದೃಷ್ಟಿ ಪಟ್ಟಿಗೆ ಸೇರಬಹುದು. ಕಾರ್ಡು ಮಾಡಿಸಿಕೊಳ್ಳಿ.

ಮೂತ್ರಪಿಂಡ ಬದಲಿ ಮಾಡಿಸಿಕೊಂಡು ಮಾತ್ರೆ ನುಂಗುತ್ತಿರುವವರೂ ಹುಷಾರಾಗಿರಬೇಕು. ಇಡೀ ದಿನ ಬಿಸಿಲಲ್ಲಿ ದುಡಿಯುವವರು ಕೆಳದುಟಿ ನೋಡಿಕೊಳ್ಳಲಿ. ಬೆಳ್ಳಗೆ ಒಣಗಿ, ಸೀಳಿ, ವಾಸಿಯಾಗದಿದ್ದರೆ ಅದು ಬರೀ ತುಟಿ ಒಡೆತವಲ್ಲ. ಬೀಡಿ, ತಂಬಾಕು ಸೇರಿದರೆ ಇನ್ನೂ ಕೆಟ್ಟದ್ದು.

ಕಪ್ಪು ಚರ್ಮದವರು ಪೂರಾ ನಿಶ್ಚಿಂತರಾಗುವಂತಿಲ್ಲ. ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಿಸಿಲಿಗಿಂತ ಬೇರೆ ದಾರಿಯಲ್ಲಿ ಬರುವುದೂ ಉಂಟು. ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ, ಹಳೇ ಸುಟ್ಟಗಾಯದ ಕಲೆಯಲ್ಲಿ, ಪಂಚೆ ಬಿಗಿದು ಉಜ್ಜಿದ ಸೊಂಟದಲ್ಲಿ ಬಂದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಕಾಶ್ಮೀರದಲ್ಲಿ ಚಳಿಗೆ ಹೊಟ್ಟೆಗೊತ್ತಿ ಹಿಡಿಯುವ ಕೆಂಡದ ಮಡಕೆಯಿಂದಲೂ ಬರುತ್ತದೆ, ಅದಕ್ಕೆ ಆ ಮಡಕೆಯದೇ ಹೆಸರು, ಕಾಂಗ್ಡಿ ಕ್ಯಾನ್ಸರ್.

ಖರ್ಚಿಲ್ಲದ ಮದ್ದು

ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬೆಳ್ಳಗಿನ ಮೈಯವರಿಗೆ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ಕೊಡೆ. ಅಂಗಡಿಯವರು ಮುಂದೊಂದು ತಡಿಕೆ ಇಳಿಬಿಟ್ಟರೆ ಬಸ್ಸಿಗೆ ಕಾಯುವವರಿಗೂ ನೆರಳಾದೀತು. ಶಾಲೆಯ ಮೇಷ್ಟ್ರುಗಳೇ, ಬಿಳಿ ಮೈಯ ಹುಡುಗನನ್ನು ಮೊದಲ ಬೆಂಚಿಗೆ ಕೂರಿಸಿ, ಡ್ರಿಲ್ಲಿಗೆ ಬಿಸಿಲಲ್ಲಿ ನಿಲ್ಲಿಸಬೇಡಿ. ಬಣ್ಣ ಬಿಳಿಯಾಗಿಸುವ ಸ್ಟೀರಾಯ್ಡ್ ಕ್ರೀಮುಗಳನ್ನು ಕೌಂಟರಿನಲ್ಲಿ ಚೀಟಿಯಿಲ್ಲದೆ ಕೊಡುವ ಮೆಡಿಕಲ್ ಶಾಪಿನವರು ಕೈ ಕಟ್ಟಿಕೊಳ್ಳಲಿ. ದೇವರು ಕೊಟ್ಟ ಕೊಡೆಗೆ ತೂತು ಕೊರೆಯುವ ಕೆಲಸ ಅದು.

ಒಂದು ತಿಂಗಳಾದರೂ ಮಾಯದ ಗಾಯ, ಮತ್ತೆ ಮತ್ತೆ ಹಕ್ಕಳೆ ಕಟ್ಟುವ ಒರಟು ಕಲೆ, ಮುಟ್ಟಿದರೆ ರಕ್ತ ಬರುವ ಗಂಟು, ಇವನ್ನು ಅರಿಶಿನ ಹಚ್ಚಿ ಮುಚ್ಚಬೇಡಿ. ವಿಕ್ಟೋರಿಯಾ, ಬೌರಿಂಗ್ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಅಲ್ಲಿ ಚಿಟಿಕೆಯಷ್ಟು ಚರ್ಮ ತೆಗೆದು ಪರೀಕ್ಷೆ ಮಾಡಿದರೆ ಸತ್ಯ ಗೊತ್ತಾಗುತ್ತದೆ. ಕ್ಯಾನ್ಸರ್ ಅಂತಾದರೆ ಹೊಸೂರು ರಸ್ತೆಯ ಕಿದ್ವಾಯಿ ಇದೆ.

ಹೊಸ್ತಿಲಲ್ಲಿ ಹಿಡಿದರೆ ಮುಲಾಮೋ ದೀಪವೋ ಸಾಕು. ಒಳಗೆ ಬಂದ ಮೇಲೆ ಕತ್ತಿಯೇ ಬೇಕಾಗುತ್ತದೆ.