ಟ್ರೇ ಮೇವು: ತೂಕಕ್ಕೆ ಮರುಳಾಗಬೇಡಿ

ಬೇಸಿಗೆ ಶುರುವಾದರೆ ಸಾಕು, ಹೋದ ಹೋದ ಊರಲ್ಲೆಲ್ಲ ಅಕ್ಕಂದಿರ ಒಂದೇ ಪ್ರಶ್ನೆ: "ಡಾಕ್ಟ್ರೇ, ಮಣ್ಣಿಲ್ಲದೆ ಮೇವು ಬೆಳೆಯೋ ಮಿಷನ್ ಬಂದಿದೆಯಂತೆ. ಒಂದು ಕೆಜಿ ಮುಸುಕಿನ ಜೋಳಕ್ಕೆ ಆರು ಕೆಜಿ ಹಸಿರು ಮೇವು ಸಿಗುತ್ತಂತೆ. ಸಂಘದಲ್ಲಿ ಸಾಲ ಮಾಡಿ ತಗೊಳ್ಳಲಾ?"

ಆರು ಕೆಜಿ ಸಿಗುವುದು ಸುಳ್ಳಲ್ಲ. ಆದರೆ ಆ ಆರು ಕೆಜಿಯಲ್ಲಿ ಏನಿದೆ ಎಂಬುದನ್ನು ಮಾರುವವರು ಹೇಳುವುದಿಲ್ಲ.

ದೊಡ್ಡ ನಗರಗಳಲ್ಲಿ ಕಟ್ಟಡದೊಳಗೆ ಅಂತಸ್ತಿನ ಮೇಲೆ ಅಂತಸ್ತು ಟ್ರೇ ಜೋಡಿಸಿ, ಎಲ್‌ಇಡಿ ದೀಪದ ಬೆಳಕಲ್ಲಿ, ಯಂತ್ರದಿಂದಲೇ ಸೊಪ್ಪು ಬೆಳೆಯುತ್ತಾರೆ. ಜಪಾನಿನ ಕ್ಯೋಟೊದಲ್ಲಿ 2018ರಲ್ಲಿ ಶುರುವಾದ ಇಂಥ ಒಂದು ಕಾರ್ಖಾನೆ ದಿನಕ್ಕೆ 30,000 ಲೆಟ್ಯೂಸ್ ಬೆಳೆಯುವಷ್ಟು ದೊಡ್ಡದು. ಲೆಟ್ಯೂಸ್ ಸೊಪ್ಪಿನಲ್ಲಿ ನೂರಕ್ಕೆ 95 ಪಾಲು ನೀರು. ಸಲಾಡ್ ತಿನ್ನುವ ಗಿರಾಕಿ ಆ ನೀರಿಗೂ ದುಡ್ಡು ಕೊಡುತ್ತಾನೆ. ಅಷ್ಟಾದರೂ ಖರ್ಚು ತೂಗಿಸುವುದು ಕಷ್ಟ. ಕರೆಂಟ್ ಬಿಲ್ಲೇ ದೊಡ್ಡ ಹೊರೆ. ಅಮೆರಿಕದ ಏರೋಫಾರ್ಮ್ಸ್ 2023ರಲ್ಲಿ ದಿವಾಳಿ ಅರ್ಜಿ ಹಾಕಿತು, ಬೋವರಿ 2024ರಲ್ಲಿ ಬಾಗಿಲು ಹಾಕಿತು.

ಹಸುವಿನ ಹೊಟ್ಟೆಯ ಲೆಕ್ಕವೇ ಬೇರೆ. ಅದಕ್ಕೆ ಬೇಕಾದದ್ದು ಒಣ ಅಂಶ. ಒಂದು ಕೆಜಿ ಜೋಳದಲ್ಲಿ ಸುಮಾರು 880 ಗ್ರಾಂ ಒಣ ಅಂಶವಿರುತ್ತದೆ. ಅದನ್ನು ಏಳೆಂಟು ದಿನ ಮೊಳಕೆ ಬರಿಸಿ ಆರು ಕೆಜಿ ಮಾಡಿದಾಗ ಉಳಿಯುವುದು ಸುಮಾರು 780 ಗ್ರಾಂ. ಹೆಚ್ಚಾಗಿದ್ದು ನೀರು, ಕಡಿಮೆಯಾಗಿದ್ದು ಕಾಳಿನ ಪಿಷ್ಟ; ಬೆಳೆಯಲು ಮೊಳಕೆಯೇ ಅದನ್ನು ಬಳಸಿಕೊಂಡಿರುತ್ತದೆ. 400 ಕೆಜಿ ತೂಕದ ಕರೆಯುವ ಹಸುವಿಗೆ ದಿನಕ್ಕೆ ಹತ್ತಿರ ಹತ್ತಿರ 12 ಕೆಜಿ ಒಣ ಅಂಶ ಬೇಕು. ಟ್ರೇ ಮೇವನ್ನೇ ನಂಬಿ ಹುಲ್ಲು, ಹಿಂಡಿ ಕಡಿಮೆ ಮಾಡಿದರೆ ಹಾಲು ಇಳಿಯುತ್ತದೆ, ಫ್ಯಾಟೂ ಇಳಿಯುತ್ತದೆ.

ಹಾಗಂತ ಪೂರ್ತಿ ದಂಡವಲ್ಲ. ಜಮೀನೇ ಇಲ್ಲದವರು, ಬೇಸಿಗೆಯಲ್ಲಿ ಹಸಿರೇ ಕಾಣದವರು ಹಸುವಿಗೆ ಐದಾರು ಕೆಜಿ ಟ್ರೇ ಮೇವನ್ನು ರಾಗಿ ಹುಲ್ಲಿನ ಜೊತೆ ಬೆರೆಸಿ ಕೊಡಬಹುದು. ಹುಲ್ಲನ್ನು ಬಾಯಿತುಂಬ ತಿನ್ನುತ್ತದೆ. ಇದಕ್ಕೆ ಎಸಿ ಮಿಷನ್ ಬೇಡ. ಬಿದಿರಿನ ಅಟ್ಟ, ನೆರಳು ಪರದೆ, ತೂತು ಮಾಡಿದ ಟ್ರೇ, ನೀರು ಚಿಮುಕಿಸಲು ಒಂದು ಹೊಸ ಸ್ಪ್ರೇಯರ್ ಸಾಕು. ಔಷಧಿ ಹೊಡೆದ ಸ್ಪ್ರೇಯರ್ ಮಾತ್ರ ಮುಟ್ಟಬೇಡಿ.

ಬಿತ್ತನೆ ಬೀಜವನ್ನೂ ಬಳಸಬೇಡಿ. ಕೆಂಪು ಬಣ್ಣ ಹಚ್ಚಿದ ಆ ಕಾಳಿಗೆ ವಿಷದ ಲೇಪನವಿರುತ್ತದೆ, ತೊಳೆದರೂ ನಂಬುವಂತಿಲ್ಲ. ತಿನ್ನುವ ಜೋಳವನ್ನೇ ತನ್ನಿ; ಒಡೆದ ಕಾಳು ಆರಿಸಿ ತೆಗೆಯಿರಿ.

ನನಗೆ ಹೆಚ್ಚು ಭಯ ಬೂಷ್ಟಿನದು. ಟ್ರೇಯಲ್ಲಿ ಬಿಳಿ, ಹಸಿರು, ಕಪ್ಪು ಬೂಷ್ಟು ಕಂಡರೆ ಅಥವಾ ಮುಗ್ಗಲು ವಾಸನೆ ಬಂದರೆ ಇಡೀ ಟ್ರೇಯನ್ನೇ ತಿಪ್ಪೆಗೆ ಹಾಕಿ. ಮೇಲಿನದನ್ನು ಕಿತ್ತು ಉಳಿದದ್ದನ್ನು ಕೊಡಬೇಡಿ. ಕೆಲವು ಬೂಷ್ಟಿನ ವಿಷಕ್ಕೆ ಹಸುವಿನ ಹಿಂಗಾಲು ನಡುಗಿ ಬಿದ್ದುಬಿಡುತ್ತದೆ. ಅಫ್ಲಾಟಾಕ್ಸಿನ್ ಎಂಬ ವಿಷ ಹಾಲಿಗೂ ಇಳಿಯುತ್ತದೆ, ಕುದಿಸಿದರೂ ಹೋಗುವುದಿಲ್ಲ. ಆ ಹಾಲು ಮೊದಲು ಕುಡಿಯುವುದು ನಿಮ್ಮ ಮನೆ ಮಕ್ಕಳೇ.

ಹತ್ತು ಗುಂಟೆ ಜಾಗ, ಸ್ವಲ್ಪ ನೀರು ಇದ್ದವರು ನೇಪಿಯರ್ ಹುಲ್ಲಿನ ಕಡ್ಡಿ ನೆಡಿ. ಮಿಷನ್ ಕೊಳ್ಳಲೇಬೇಕು ಅನ್ನಿಸಿದರೆ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಕರೆಂಟ್ ಖರ್ಚು, ಜೋಳದ ದರ, ಸಿಗುವ ಒಣ ಅಂಶ ಮೂರನ್ನೂ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಡೇರಿಯಲ್ಲೇ ಕೂತು ಲೆಕ್ಕ ಹಾಕೋಣ.